ಸ್ಕ್ರಿಪ್ಟ್ ಓಡಿತು, ಫೋಟೋ ಎಡವಟ್ಟಾಯಿತು: ಯಾವ ಲಕ್ಷಣಕ್ಕೆ ಎಲ್ಲಿ ಹುಡುಕಬೇಕು

ಮದುವೆ ಸೀಸನ್ ಬಂತೆಂದರೆ ಮೈಸೂರು, ಮಂಡ್ಯದ ಸ್ಟುಡಿಯೋಗಳಲ್ಲಿ ಕಂಪ್ಯೂಟರಿಗೆ ಬಿಡುವಿಲ್ಲ. ಒಂದು ಮದುವೆ, ಇಬ್ಬರು ಫೋಟೋಗ್ರಾಫರ್, ಹಿಂದಿನ ರಾತ್ರಿಯ ಆರತಕ್ಷತೆಯಿಂದ ಮಾರನೇ ದಿನದ ಧಾರೆಯವರೆಗೆ ಸಾವಿರಾರು ಫೋಟೋ. ಎಲ್ಲವನ್ನೂ ಚಿಕ್ಕದು ಮಾಡಿ, ಮೂಲೆಯಲ್ಲಿ ಸ್ಟುಡಿಯೋ ಹೆಸರು ಹಾಕಿ ಗಿರಾಕಿಗೆ ಕಳಿಸುವ ಕೆಲಸವನ್ನು ಒಂದೊಂದಾಗಿ ಮಾಡುತ್ತ ಕೂತರೆ ಬೆಳಗಾಗುತ್ತದೆ. ಅದಕ್ಕೇ ಹಲವರು ಲಿನಕ್ಸ್‌ನಲ್ಲಿ ಒಂದು ಶೆಲ್ ಸ್ಕ್ರಿಪ್ಟ್ (ಸಾಲಾಗಿ ಓಡುವ ಕಮಾಂಡುಗಳ ಪಟ್ಟಿ) ಬರೆದಿಟ್ಟುಕೊಂಡು, ಫೋಟೋ ತಿದ್ದುವ ಇಮೇಜ್‌ಮ್ಯಾಜಿಕ್ ಎಂಬ ಪ್ರೋಗ್ರಾಮ್ ಕೈಲಿ ದುಡಿಸುತ್ತಾರೆ. ನೆಟ್ಟಗೆ ನಡೆದರೆ ಟೀ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕೆಟ್ಟರೆ ಸಾವಿರ ಫೋಟೋನೂ ಒಟ್ಟಿಗೇ ಕೆಡುತ್ತವೆ.

"ಅಣ್ಣ, ನಿನ್ನೆ ಚೆನ್ನಾಗೇ ಓಡ್ತಿತ್ತು, ಇವತ್ತು ಏನೋ ಆಗೈತೆ" ಎಂದು ಫೋನ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಸ್ಕ್ರಿಪ್ಟ್ ಬಗ್ಗೆ ಅಲ್ಲ. ನಿನ್ನೆ ಸರಿಯಿದ್ದ ಸ್ಕ್ರಿಪ್ಟ್ ಇವತ್ತು ಕೈಕೊಟ್ಟಿದೆ ಎಂದರೆ ತಪ್ಪು ಇವತ್ತು ಅದರ ಬಾಯಿಗೆ ಕೊಟ್ಟ ಫೋಲ್ಡರಿನಲ್ಲಿರುವುದೇ ಹೆಚ್ಚು: ಬೇರೆ ಕ್ಯಾಮೆರಾ, ಬೇರೆ ತರಹದ ಹೆಸರು, ಅರ್ಧಂಬರ್ಧ ಕಾಪಿಯಾದ ಕಾರ್ಡ್, ತುಂಬಿಹೋದ ಡಿಸ್ಕ್. ಆದ್ದರಿಂದ ಮೊದಲು ಫೋಲ್ಡರ್ ನೋಡಿ, ಆಮೇಲೆ ಸ್ಕ್ರಿಪ್ಟ್, ಕಟ್ಟಕಡೆಗೆ ಯಂತ್ರ.

ಕಮಾಂಡುಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಎಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಬೇರೆ ಹೇಳದಿದ್ದರೆ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು.

## ಏನನ್ನೂ ಮುಟ್ಟುವ ಮೊದಲು

ಸ್ಕ್ರಿಪ್ಟ್ ಇನ್ನೂ ಓಡುತ್ತಿದ್ದರೆ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ. ಸ್ಕ್ರಿಪ್ಟಿನಲ್ಲಿ "ಮೊಗ್ರಿಫೈ" ಇದೆಯೇ ನೋಡಿ. ಮೊಗ್ರಿಫೈ ಬದಲಾಯಿಸಿದ ಫೋಟೋವನ್ನು ಮೂಲ ಫೋಟೋದ ಮೇಲೇ ಬರೆಯುತ್ತದೆ. "-ಪಾತ್" ಆಯ್ಕೆ ಕೊಟ್ಟು ಬೇರೆ ಫೋಲ್ಡರ್ ತೋರಿಸಿದ್ದರೆ ಮೂಲ ಉಳಿಯುತ್ತದೆ. ಇದಕ್ಕೆ ಅನ್‌ಡೂ ಇಲ್ಲ. ಗಿರಾಕಿಗೆ ಆಲ್ಬಮ್ ಮುಟ್ಟುವವರೆಗೆ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ ಎಂದು ಪದೇಪದೇ ಹೇಳುವುದು ಇದಕ್ಕೇ.

ಆಮೇಲೆ ಬೇರೊಂದು ಫೋಲ್ಡರ್ ಮಾಡಿ ಮೂರೇ ಫೋಟೋ ಕಾಪಿ ಮಾಡಿಕೊಳ್ಳಿ. ಒಂದು ಅಡ್ಡ, ಒಂದು ಉದ್ದ, ಇನ್ನೊಂದು ಎರಡನೇ ಕ್ಯಾಮೆರಾದ್ದು. ಪರೀಕ್ಷೆಯೆಲ್ಲ ಇವುಗಳ ಮೇಲೆ. ತಪ್ಪಿನ ಸಂದೇಶಗಳು ಪರದೆಯಲ್ಲಿ ಸರಸರ ಓಡಿಹೋಗುತ್ತಿದ್ದರೆ ಕಮಾಂಡಿನ ಕೊನೆಗೆ 2> ಹಾಕಿ ಒಂದು ಫೈಲಿಗೆ ಹರಿಸಿ, ಆ ಫೈಲಿನ ಮೊದಲ ಸಾಲು ಓದಿ. ಎಲ್ಲರ ಕಣ್ಣೂ ಕೊನೆಯ ಸಾಲಿಗೆ ಹೋಗುತ್ತದೆ. ಕಾಯಿಲೆ ಇರುವುದು ಮೊದಲ ಸಾಲಿನಲ್ಲಿ, ಉಳಿದವು ಅದರಿಂದ ಹುಟ್ಟಿದವು.

## ಶುರುವೇ ಆಗುವುದಿಲ್ಲ

"ಪರ್ಮಿಷನ್ ಡಿನೈಡ್" ಎಂದರೆ ಸ್ಕ್ರಿಪ್ಟ್ ಫೈಲಿಗೆ ಓಡುವ ಅನುಮತಿ ಕೊಟ್ಟಿಲ್ಲ. "ಸಿಎಚ್‌ಮಾಡ್ +ಎಕ್ಸ್" ಸಾಕು. ಆದರೆ ಸ್ಕ್ರಿಪ್ಟ್ ಪೆನ್‌ಡ್ರೈವ್‌ನಲ್ಲೇ ಇದ್ದರೆ, ಅಲ್ಲಿನ ಫ್ಯಾಟ್ ಫೈಲ್ ವ್ಯವಸ್ಥೆ ಈ ಅನುಮತಿಯನ್ನು ಉಳಿಸಿಕೊಳ್ಳುವುದಿಲ್ಲ. ಅದನ್ನು ಹೋಮ್ ಫೋಲ್ಡರಿಗೆ ಕಾಪಿ ಮಾಡಿ, ಇಲ್ಲವೇ "ಬ್ಯಾಶ್" (ಲಿನಕ್ಸ್‌ನ ಶೆಲ್, ಎಂದರೆ ಕಮಾಂಡ್ ಓದಿ ಓಡಿಸುವ ಪ್ರೋಗ್ರಾಮ್) ಎಂದು ಹೇಳಿ ಮುಂದೆ ಫೈಲ್ ಹೆಸರು ಕೊಟ್ಟು ಓಡಿಸಿ.

"ಕಮಾಂಡ್ ನಾಟ್ ಫೌಂಡ್" ಬಂದರೆ ಆವೃತ್ತಿ ನೋಡಿ. ಇಮೇಜ್‌ಮ್ಯಾಜಿಕ್ 7ರಲ್ಲಿ ಮುಖ್ಯ ಕಮಾಂಡ್ "ಮ್ಯಾಜಿಕ್", 6ರಲ್ಲಿ "ಕನ್ವರ್ಟ್". ಉಬುಂಟು 24.04ರಲ್ಲಿ ಸಿಗುವುದು 6ನೇ ಆವೃತ್ತಿ. ಹಾಗಾಗಿ ಹೊಸ ಸ್ಕ್ರಿಪ್ಟ್ ತಂದು ಅಲ್ಲಿ ಓಡಿಸಿದರೆ ಮ್ಯಾಜಿಕ್ ಯಾರು ಎಂದೇ ಅದಕ್ಕೆ ಗೊತ್ತಿರುವುದಿಲ್ಲ. ವಿಂಡೋಸ್‌ನಲ್ಲಿ ಇನ್ನೊಂದು ಪೇಚು: ಕನ್ವರ್ಟ್ ಎಂಬ ಹೆಸರಿನಲ್ಲಿ ಡಿಸ್ಕಿನ ಫೈಲ್ ವ್ಯವಸ್ಥೆಯನ್ನೇ ಬದಲಿಸುವ ಕಮಾಂಡ್ ಅದರಲ್ಲಿ ಮೊದಲಿನಿಂದಲೂ ಇದೆ. ಅಲ್ಲಿ ಆ ಹೆಸರನ್ನು ಬಳಸಲೇಬೇಡಿ.

ಹೆಸರು, ಅನುಮತಿ ಎರಡೂ ಸರಿಯಿದ್ದು "ಬ್ಯಾಡ್ ಇಂಟರ್‌ಪ್ರಿಟರ್" ಎಂದರೆ, ಅದರ ಜೊತೆಗೆ ಟೋಪಿ ಚಿಹ್ನೆ ಮತ್ತು ಎಂ ಅಕ್ಷರ ಕಂಡರೆ, ಯಾರೋ ಆ ಸ್ಕ್ರಿಪ್ಟನ್ನು ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಬರೆದು ಸೇವ್ ಮಾಡಿದ್ದಾರೆ. ಪ್ರತಿ ಸಾಲಿನ ಕೊನೆಗೂ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿದೆ. "ಡಾಸ್‌ಟುಯುನಿಕ್ಸ್" ಎಂಬ ಸಣ್ಣ ಪ್ರೋಗ್ರಾಮ್ ಅದನ್ನು ತೆಗೆಯುತ್ತದೆ.

ಕೈಯಿಂದ ಓಡಿಸಿದರೆ ಸರಿ, ಹೇಳಿದ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ನಲ್ಲಿ ಇಟ್ಟರೆ ಇಲ್ಲ ಅನ್ನುವವರು ಸ್ಕ್ರಿಪ್ಟಿನಲ್ಲಿ ಕಮಾಂಡಿನ ಮತ್ತು ಫೋಲ್ಡರಿನ ಪೂರ್ತಿ ವಿಳಾಸ ಬರೆಯಿರಿ. ಕ್ರಾನ್ ನಿಮ್ಮ ಟರ್ಮಿನಲ್‌ನಷ್ಟು ಜಾಗಗಳಲ್ಲಿ ಹುಡುಕುವುದಿಲ್ಲ.

## ಕೆಲಸ ಮುಗಿದಿದೆ, ಫೋಟೋ ಮಾತ್ರ ಕಡಿಮೆ ಇವೆ

ತಪ್ಪಿನ ಸಂದೇಶ ಹೆಚ್ಚಾಗಿ ಇರುವುದಿಲ್ಲ, ಹಾಗಾಗಿ ಇದು ಗೊತ್ತಾಗುವುದೇ ತಡ. ವಧುವಿನ ಸೋದರಮಾವ ಫೋನ್ ಮಾಡಿ "ನಮ್ಮ ಫ್ಯಾಮಿಲಿ ಫೋಟೋನೇ ಇಲ್ವಲ್ಲ" ಅಂದಾಗ ಗೊತ್ತಾಗುತ್ತದೆ. ಅದಕ್ಕೆ ಮೊದಲೇ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಣಿಸಿ. ಎರಡೂ ಫೋಲ್ಡರಿನಲ್ಲಿ "ಎಲ್‌ಎಸ್" ಮಾಡಿ, ನಡುವೆ | ಚಿಹ್ನೆ ಹಾಕಿ "ಡಬ್ಲ್ಯುಸಿ -ಎಲ್"ಗೆ ಹರಿಸಿದರೆ ಸಂಖ್ಯೆ ಬರುತ್ತದೆ.

ಒಂದು ಕ್ಯಾಮೆರಾದ ಫೋಟೋ ಪೂರ್ತಿ ಮಾಯವಾಗಿದ್ದರೆ ಫೈಲ್ ಹೆಸರಿನ ಬಾಲ ನೋಡಿ. ಕ್ಯಾಮೆರಾಗಳು ಜೆಪಿಜಿ ಎಂಬುದನ್ನು ಸಾಮಾನ್ಯವಾಗಿ ದೊಡ್ಡಕ್ಷರದಲ್ಲಿ ಬರೆಯುತ್ತವೆ, ಮೊಬೈಲ್‌ಗಳು ಹೆಚ್ಚಾಗಿ ಸಣ್ಣಕ್ಷರದಲ್ಲಿ. ಲಿನಕ್ಸ್‌ಗೆ ಅವೆರಡೂ ಬೇರೆಬೇರೆ. ಸ್ಕ್ರಿಪ್ಟ್ ಸಣ್ಣಕ್ಷರದ್ದನ್ನು ಮಾತ್ರ ಹುಡುಕುತ್ತಿದ್ದರೆ ದೊಡ್ಡಕ್ಷರದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಬ್ಯಾಶ್‌ನಲ್ಲಿ "ನೋಕೇಸ್‌ಗ್ಲಾಬ್" ಆನ್ ಮಾಡಿದರೆ ಎರಡನ್ನೂ ಹಿಡಿಯುತ್ತದೆ.

ಅಲ್ಲೊಂದು ಇಲ್ಲೊಂದು ತಪ್ಪಿದ್ದು, "ನೋ ಸಚ್ ಫೈಲ್" ಎಂಬ ಸಂದೇಶದಲ್ಲಿ ಹೆಸರಿನ ಅರ್ಧ ಮಾತ್ರ ಕಂಡರೆ, ಹೆಸರಿನ ಮಧ್ಯೆ ಜಾಗ ಇದೆ. "ಧಾರೆ ಮುಹೂರ್ತ 12" ಎಂಬ ಫೈಲನ್ನು ಶೆಲ್ ಧಾರೆ, ಮುಹೂರ್ತ, 12 ಎಂದು ಮೂರು ಫೈಲಾಗಿ ಓದುತ್ತದೆ. ಸ್ಕ್ರಿಪ್ಟಿನಲ್ಲಿ ಫೈಲ್ ಹೆಸರು ಹಿಡಿದಿರುವ ಪ್ರತಿಯೊಂದು ಡಾಲರ್ ವೇರಿಯಬಲ್‌ನ ಸುತ್ತಲೂ ಡಬಲ್ ಕೋಟ್ ಹಾಕಿ. ಒಂದು ಕಡೆ ಬಿಟ್ಟರೂ ಅಲ್ಲೇ ಸೋರುತ್ತದೆ.

ಇಬ್ಬರು ಫೋಟೋಗ್ರಾಫರ್ ಇದ್ದ ಮದುವೆಯಲ್ಲಿ ನಿಜಕ್ಕೂ ನಷ್ಟ ಮಾಡುವುದು ಮೂರನೆಯದು. ಎರಡೂ ಕ್ಯಾಮೆರಾ ಒಂದೇ ಕಂಪನಿಯದಾದರೆ ಫೈಲ್ ಹೆಸರೂ ಒಂದೇ ತರಹ. ಸಂಖ್ಯೆ 9999 ಮುಟ್ಟಿ ಮತ್ತೆ 0001ರಿಂದ ಶುರುವಾಗುತ್ತದೆ. ಎರಡೂ ಕಾರ್ಡಿನ ಫೋಟೋ ಒಂದೇ ಔಟ್‌ಪುಟ್ ಫೋಲ್ಡರಿಗೆ ಬಿದ್ದರೆ ನಂತರದ್ದು ಮೊದಲಿನದನ್ನು ಸದ್ದಿಲ್ಲದೆ ಅಳಿಸಿ ಕೂರುತ್ತದೆ. ಕಾಪಿ ಮಾಡುವಾಗಲೇ ಪ್ರತಿ ಕಾರ್ಡಿಗೆ ಬೇರೆ ಫೋಲ್ಡರ್ ಮಾಡಿ, ಔಟ್‌ಪುಟ್ ಹೆಸರಿನ ಮುಂದೆ ಆ ಫೋಲ್ಡರಿನ ಹೆಸರು ಸೇರಿಸಿ. "ಎಂವಿ", "ಸಿಪಿ" ಎರಡಕ್ಕೂ "-ಎನ್" ಹಾಕಿದರೆ ಇರುವ ಫೈಲಿನ ಮೇಲೆ ಬರೆಯುವುದಿಲ್ಲ.

ಇದರ ಉಲ್ಟಾ ಸಂಗತಿಯೂ ಉಂಟು: ಫೋಟೋ ಹೆಚ್ಚಾಗಿವೆ, ಕೆಲವದರಲ್ಲಿ ಸ್ಟುಡಿಯೋ ಹೆಸರು ಎರಡೆರಡು ಸಲ ಕೂತಿದೆ. ಔಟ್‌ಪುಟ್ ಕೂಡ ಅದೇ ಫೋಲ್ಡರಿಗೆ ಹೋಗಿ, ಎರಡನೇ ಸಲ ಓಡಿಸಿದಾಗ ಸ್ಕ್ರಿಪ್ಟ್ ತನ್ನ ಕೂಸನ್ನೇ ಮತ್ತೆ ಎತ್ತಿಕೊಂಡಿದೆ. ಔಟ್‌ಪುಟ್ ಫೋಲ್ಡರ್ ಹೊರಗಿಡಿ.

## ಫೋಟೋ ಅಡ್ಡ ಮಲಗಿದೆ

ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೂ ಸೆನ್ಸರ್ ಬರೆಯುವುದು ಅಡ್ಡಕ್ಕೇ. "ತೋರಿಸುವಾಗ ತಿರುಗಿಸಿ" ಎಂಬ ಚೀಟಿಯನ್ನು ಕ್ಯಾಮೆರಾ ಫೋಟೋ ಫೈಲಿನೊಳಗಿನ ಎಕ್ಸಿಫ್ ಮಾಹಿತಿಯಲ್ಲಿ ಅಂಟಿಸಿರುತ್ತದೆ. 1 ಎಂದರೆ ಇದ್ದ ಹಾಗೆ, 6 ಎಂದರೆ ಬಲಕ್ಕೆ ಕಾಲು ಸುತ್ತು, 8 ಎಂದರೆ ಎಡಕ್ಕೆ. ಫೈಲ್ ಹಗುರವಾಗಲಿ ಎಂದು ಸ್ಕ್ರಿಪ್ಟಿನಲ್ಲಿ "-ಸ್ಟ್ರಿಪ್" ಹಾಕಿದ್ದರೆ ಆ ಚೀಟಿಯೇ ಹರಿದುಹೋಗುತ್ತದೆ, ಫೋಟೋ ಮಲಗುತ್ತದೆ. ಫೋಟೋ ಓದಿದ ಕೂಡಲೇ, ಬೇರೆ ಎಲ್ಲದಕ್ಕಿಂತ ಮೊದಲು "-ಆಟೋ-ಓರಿಯೆಂಟ್" ಹಾಕಿ.

ಕೆಲವರು "-ರೊಟೇಟ್ 90" ಎಂದು ಕೈಯಾರೆ ತಿರುಗಿಸುತ್ತಾರೆ. ಚೀಟಿ ಹಾಗೇ ಉಳಿದಿದ್ದರೆ ನೋಡುವ ಪ್ರೋಗ್ರಾಮ್ ಇನ್ನೊಂದು ಸಲ ತಿರುಗಿಸಿ ಮತ್ತೆ ಅಡ್ಡ ಮಲಗಿಸುತ್ತದೆ. ಒಂದು ಕಡೆ ಸರಿ, ಇನ್ನೊಂದು ಕಡೆ ಅಡ್ಡ ಎಂದಾಗ ಇದನ್ನೇ ಅನುಮಾನಿಸಿ. ನೆಲದ ರಂಗೋಲಿ, ಬಾಳೆಎಲೆ ಊಟವನ್ನು ನೇರ ಮೇಲಿಂದ ತೆಗೆದಿದ್ದರೆ ಮಾತ್ರ ಸ್ಕ್ರಿಪ್ಟನ್ನು ಬೈಯಬೇಡಿ. ಕ್ಯಾಮೆರಾಗೇ ಮೇಲೆ ಯಾವುದು, ಪಕ್ಕ ಯಾವುದು ತಿಳಿದಿರುವುದಿಲ್ಲ. ಅವನ್ನು ಕೈಯಲ್ಲೇ ತಿರುಗಿಸಬೇಕು.

## ಬಣ್ಣ ಸತ್ತಿದೆ, ಅಥವಾ ಕುಣಿಯುತ್ತಿದೆ

ಒಂದೇ ಕ್ಯಾಮೆರಾದ ಎಲ್ಲ ಫೋಟೋ ಒಂದೇ ಸಮನೆ ಪೇಲವವಾಗಿದ್ದರೆ ಮೂಲ ಫೈಲಿನ ಹೆಸರು ನೋಡಿ. ಮೊದಲ ಅಕ್ಷರ ಅಂಡರ್‌ಸ್ಕೋರ್ ಆಗಿದ್ದರೆ ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ (ಹೆಚ್ಚು ಬಣ್ಣ ಹಿಡಿಯುವ ಬಣ್ಣದ ಅಳತೆ) ಆಯ್ಕೆಯಾಗಿದೆ. ಇಲ್ಲೂ ಸ್ಟ್ರಿಪ್ ಬಣ್ಣದ ಪ್ರೊಫೈಲನ್ನು ಕಿತ್ತುಹಾಕಿ, ರೇಷ್ಮೆ ಸೀರೆಯ ಕೆಂಪನ್ನು ಇಟ್ಟಿಗೆ ಬಣ್ಣ ಮಾಡುತ್ತದೆ. ಸ್ಟ್ರಿಪ್‌ಗೆ ಮೊದಲು "-ಪ್ರೊಫೈಲ್" ಕೊಟ್ಟು, ಸಾಮಾನ್ಯ ಪರದೆಗಳ ಅಳತೆಯಾದ ಎಸ್‌ಆರ್‌ಜಿಬಿಗೆ ಬದಲಿಸಿ. ಪ್ರೊಫೈಲನ್ನು ಫೈಲಿಗೆ ಸೇರಿಸದ ಕ್ಯಾಮೆರಾಗಳೂ ಇವೆ. ಅವುಗಳಿಗೆ ಮೊದಲು ಅಡೋಬಿ ಆರ್‌ಜಿಬಿ, ಆಮೇಲೆ ಎಸ್‌ಆರ್‌ಜಿಬಿ ಎಂದು ಎರಡು ಸಲ ಕೊಡಬೇಕು. ಮುಂದಿನ ಮದುವೆಗೆ ಕ್ಯಾಮೆರಾದಲ್ಲೇ ಎಸ್‌ಆರ್‌ಜಿಬಿ ಇಟ್ಟುಕೊಂಡರೆ ಈ ಪಜೀತಿಯೇ ಇಲ್ಲ.

ಫೋಟೋದಿಂದ ಫೋಟೋಗೆ ಬಣ್ಣ, ಬೆಳಕು ಬದಲಾಗುತ್ತಿದ್ದರೆ ಸ್ಕ್ರಿಪ್ಟಿನಲ್ಲಿ "ಆಟೋ" ಅನ್ನುವಂಥದ್ದು ಏನೋ ಇದೆ. "-ನಾರ್ಮಲೈಸ್" ಪ್ರತಿ ಫೋಟೋದ ಅತಿ ಕಪ್ಪಾದ 2 ಶೇಕಡಾ ಮತ್ತು ಅತಿ ಬಿಳುಪಾದ 1 ಶೇಕಡಾ ಭಾಗವನ್ನು ಕೊನೆಗೆ ತಳ್ಳಿ ಮಧ್ಯದ್ದನ್ನು ಎಳೆಯುತ್ತದೆ. ಕೆಆರ್‌ಎಸ್ ಹಿನ್ನೀರಿನಲ್ಲಿ ಬೆಳಗಿನ ಮಂಜಿಗೆಂದೇ ಹೋಗಿ ತೆಗೆಸಿದ ಪ್ರೀ-ವೆಡ್ಡಿಂಗ್ ಫೋಟೋ ಇದರ ಕೈಗೆ ಸಿಕ್ಕರೆ ಮಂಜೇ ಇರುವುದಿಲ್ಲ. "-ಆಟೋ-ಗಾಮಾ" ಫೋಟೋದ ಸರಾಸರಿ ಬೆಳಕನ್ನು ನಡುಮಟ್ಟಕ್ಕೆ ತರಲು ಹೊರಡುತ್ತದೆ. ರಾತ್ರಿ ದೀಪ ಹೊತ್ತಿಸಿದ ಅರಮನೆಯ ಫೋಟೋದಲ್ಲಿ ಮುಕ್ಕಾಲು ಪಾಲು ಕಪ್ಪು ಆಕಾಶ. ಅದನ್ನು ನಡುಮಟ್ಟಕ್ಕೆ ಎತ್ತಿದರೆ ಆಕಾಶ ಬೂದಿ ಬಣ್ಣಕ್ಕೆ ತಿರುಗಿ ಕಾಳುಕಾಳು ಕಾಣುತ್ತದೆ. ಕೆಂಪು, ಹಸಿರು, ನೀಲಿ ಚಾನಲ್‌ಗಳನ್ನು ಬೇರೆಬೇರೆಯಾಗಿ ಸರಿದೂಗಿಸುವ ಸ್ಕ್ರಿಪ್ಟುಗಳಿಗೆ ಅರಿಶಿನ ಶಾಸ್ತ್ರ ಕೊಟ್ಟು ನೋಡಿ: ಹಳದಿ ಜಾಸ್ತಿಯಾಯಿತೆಂದು ತೆಗೆಯಲು ಹೋಗಿ ಮದುಮಗಳ ಕೆನ್ನೆಯನ್ನು ನೀಲಿಗಟ್ಟಿಸುತ್ತವೆ.

ಮದುವೆ ಫೋಟೋಗೆ ಇಂಥ ಆಟೋ ಆಯ್ಕೆಗಳನ್ನು ಸ್ಕ್ರಿಪ್ಟಿನಲ್ಲಿ ಇಡಲೇಬಾರದು ಎಂಬುದು ನನ್ನ ಪಟ್ಟು. ಅಳತೆ, ಹೆಸರು, ಗುಣಮಟ್ಟ ಸ್ಕ್ರಿಪ್ಟಿಗೆ ಬಿಡಿ, ಬಣ್ಣವನ್ನು ಕಣ್ಣಿಗೆ ಬಿಡಿ.

## ಕನ್ನಡದಲ್ಲಿ ಹಾಕಿದ ಹೆಸರು ಒಡೆದಿದೆ

ಕನ್ನಡ ಹಾಕುವವರಿಗೆ ಮಾತ್ರ ಬರುವ ತೊಂದರೆ ಇದು, ಮೂರು ವೇಷದಲ್ಲಿ ಬರುತ್ತದೆ. ಯಾವ ವೇಷ ಎಂದು ಗುರುತಿಸಿದರೆ ಅರ್ಧ ಕೆಲಸ ಆದ ಹಾಗೆ.

ಅಕ್ಷರದ ಜಾಗದಲ್ಲಿ ಬರೀ ಚೌಕ ಅಥವಾ ಪ್ರಶ್ನೆ ಚಿಹ್ನೆ ಇದ್ದರೆ ಕನ್ನಡ ಇರುವ ಫಾಂಟ್ ಅದಕ್ಕೆ ಸಿಕ್ಕಿಲ್ಲ. "ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್" ಎಂದು ಕೇಳಿ. ಏನೂ ಬರದಿದ್ದರೆ ನೋಟೋ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವುಗಳಲ್ಲಿ ಒಂದನ್ನು ಹಾಕಿಕೊಳ್ಳಿ. ಎಲ್ಲವೂ ಬಿಟ್ಟಿ ಸಿಗುತ್ತವೆ. ಬಂದರೂ ಚೌಕವೇ ಕಂಡರೆ ಸ್ಕ್ರಿಪ್ಟಿನಲ್ಲಿ "-ಫಾಂಟ್" ಮುಂದೆ ಆ ಫೈಲಿನ ಪೂರ್ತಿ ವಿಳಾಸ ಕೊಡಿ.

ಕನ್ನಡದ ಬದಲು ತಲೆಯ ಮೇಲೆ ಚುಕ್ಕಿ, ಗೀಟು ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳ ಸಾಲು ಬಂದರೆ ಆ ಪಠ್ಯ ಹಳೇ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ಟೈಪ್ ಆದದ್ದು. ಡಿಟಿಪಿಯವರು ಕೊಟ್ಟ ಲಗ್ನಪತ್ರಿಕೆ ಫೈಲಿನಿಂದ ಹೆಸರು ಕಾಪಿ ಮಾಡಿದಾಗ ಹೀಗಾಗುತ್ತದೆ. ಅದು ಕನ್ನಡವಾಗಿ ಕಾಣುವುದು ಆ ಫಾಂಟ್ ಇದ್ದಾಗ ಮಾತ್ರ. ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಬರೀ ಎರಡು ಹೆಸರಾದರೆ ಮತ್ತೆ ಟೈಪ್ ಮಾಡುವುದೇ ಬೇಗ.

ಮೂರನೆಯದು ಮೋಸದ್ದು. ಅಕ್ಷರಗಳೆಲ್ಲ ಬಂದಿವೆ, ದೂರದಿಂದ ಸರಿಯಾಗೇ ಕಾಣುತ್ತದೆ, ಹತ್ತಿರ ಹೋದರೆ "ಪಟ್ಟಣ" ಎಂಬುದು "ಪಟ್‌ಟಣ" ಆಗಿದೆ. ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತಿದೆ. ಇದು ಫಾಂಟಿನ ದೋಷವಲ್ಲ, ಫಾಂಟ್ ಬದಲಿಸುತ್ತ ಹೊತ್ತು ಕಳೆಯಬೇಡಿ. ಅಕ್ಷರಗಳನ್ನು ಜೋಡಿಸಿ ಒತ್ತು ಕೂರಿಸುವ ಪ್ರೋಗ್ರಾಮೇ ಬೇರೆ. ಇಮೇಜ್‌ಮ್ಯಾಜಿಕ್‌ನ "-ಅನೋಟೇಟ್" ಅದನ್ನು ಮಾಡಬೇಕಾದರೆ "ರಾಕ್ಮ್" ಎಂಬ ಲೈಬ್ರರಿ ಅದರೊಳಗೆ ಸೇರಿರಬೇಕು. "-ವರ್ಷನ್" ಕೇಳಿದಾಗ ಬರುವ ಡೆಲಿಗೇಟ್ (ಜೊತೆಗೆ ಸೇರಿರುವ ಲೈಬ್ರರಿಗಳ) ಪಟ್ಟಿಯಲ್ಲಿ ಆ ಹೆಸರು ಇಲ್ಲದಿದ್ದರೆ, ಅದೇ ಪಟ್ಟಿಯಲ್ಲಿ "ಪ್ಯಾಂಗೋಕೈರೋ" ಇದೆಯೇ ನೋಡಿ. ಇದ್ದರೆ ಅನೋಟೇಟ್ ಬಿಟ್ಟು "ಪ್ಯಾಂಗೋ:" ಮೂಲಕ ಬರೆಸಿ, ಒತ್ತಕ್ಷರ ನೆಟ್ಟಗೆ ಬರುತ್ತದೆ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಗಟ್ಟಿ ದಾರಿ ಇನ್ನೊಂದಿದೆ. ಸ್ಟುಡಿಯೋ ಹೆಸರನ್ನು ಗಿಂಪ್ ಅಥವಾ ಇಂಕ್‌ಸ್ಕೇಪ್‌ನಲ್ಲಿ ಒಂದೇ ಸಲ ಚೆಂದವಾಗಿ ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಫೈಲಾಗಿ ಇಟ್ಟುಕೊಳ್ಳಿ. ಸ್ಕ್ರಿಪ್ಟ್ ಅದನ್ನು "-ಕಾಂಪೊಸಿಟ್" ಮಾಡಿ ಮೂಲೆಗೆ ಅಂಟಿಸಲಿ. ಮೊದಲು ಫೋಟೋ ಚಿಕ್ಕದಾಗಬೇಕು, ಆಮೇಲೆ ಹೆಸರು ಕೂರಬೇಕು. ಇಲ್ಲದಿದ್ದರೆ ಒಂದರಲ್ಲಿ ಹೆಸರು ಇರುವೆಯಷ್ಟು, ಇನ್ನೊಂದರಲ್ಲಿ ಅಂಗಡಿ ಬೋರ್ಡಿನಷ್ಟು.

## ಫೈಲ್ ಇದೆ, ಒಳಗೆ ಏನೂ ಇಲ್ಲ

ಸೊನ್ನೆ ಬೈಟ್ ಫೈಲುಗಳು ಬಂದಿದ್ದರೆ ಮೊದಲು "ಡಿಎಫ್ -ಎಚ್" ಎಂದು ಕೇಳಿ. ಡಿಸ್ಕ್ 100 ಶೇಕಡಾ ತುಂಬಿದ್ದರೆ ಉತ್ತರ ಅಲ್ಲೇ ಇದೆ. ಟೆಂಪ್ ಫೋಲ್ಡರಿನಲ್ಲಿ "ಮ್ಯಾಜಿಕ್-" ಎಂದು ಶುರುವಾಗುವ ದೊಡ್ಡ ಫೈಲುಗಳಿದ್ದರೆ, ಹಿಂದೆ ನಡುವೆ ನಿಂತುಹೋದ ಓಟದ ಉಳಿಕೆ ಅವು. ಇಮೇಜ್‌ಮ್ಯಾಜಿಕ್ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು ಅಳಿಸಿ.

ಡಿಸ್ಕಿನಲ್ಲಿ ಜಾಗ ಇದ್ದರೆ ರೀಸೈಜ್ ಸಾಲು ಓದಿ. 1600 ಇಂಟು 1600 ಎಂದ ಮೇಲೆ > ಚಿಹ್ನೆ ಹಾಕಿದರೆ "ಇದಕ್ಕಿಂತ ದೊಡ್ಡದಿದ್ದರೆ ಮಾತ್ರ ಚಿಕ್ಕದು ಮಾಡು" ಎಂದರ್ಥ. ಒಳ್ಳೆಯ ಆಯ್ಕೆಯೇ. ಆದರೆ ಕೋಟ್ ಒಳಗೆ ಇಡದಿದ್ದರೆ ಶೆಲ್ ಅದನ್ನು "ಮುಂದಿನ ಫೈಲಿಗೆ ಹರಿಸು" ಎಂದು ಓದಿ, ಕೆಲಸ ಶುರುವಾಗುವ ಮೊದಲೇ ಆ ಫೈಲನ್ನು ಖಾಲಿ ಮಾಡುತ್ತದೆ. ಲೂಪ್ ಒಳಗೆ ಮೊಗ್ರಿಫೈ ಜೊತೆ ಹೀಗಾದರೆ ಖಾಲಿಯಾಗುವುದು ನಿಮ್ಮ ಮೂಲ ಫೋಟೋಗಳೇ. ಹಾಗೆ ಆಗಿದ್ದರೆ ಆ ಡಿಸ್ಕಿಗೆ ಹೊಸದೇನನ್ನೂ ಬರೆಯದೆ ಕಾರ್ಡಿನಿಂದ ಬೇರೆ ಡಿಸ್ಕಿಗೆ ಮತ್ತೆ ಕಾಪಿ ಮಾಡಿ.

ಫೋಟೋದ ಮೇಲರ್ಧ ಸರಿ, ಕೆಳಗೆ ಬೂದು ಪಟ್ಟಿ ಎಂದರೆ ಕಾಪಿ ಆಗುವಾಗಲೋ ಬರೆಯುವಾಗಲೋ ಕರೆಂಟ್ ಹೋಗಿದೆ, ಇಲ್ಲವೇ ಕಾರ್ಡ್ ರೀಡರ್ ಕಿತ್ತಿದ್ದಾರೆ. "ಪ್ರಿಮೆಚ್ಯೂರ್ ಎಂಡ್" ಎಂಬ ಸಂದೇಶದ ಅರ್ಥವೂ ಇದೇ. ಮೂಲವನ್ನೂ ತೆರೆದು ನೋಡಿದರೆ ಯಾವ ಹಂತದಲ್ಲಿ ಆದದ್ದೆಂದು ತಿಳಿಯುತ್ತದೆ. ಬೇಸಿಗೆಯಲ್ಲಿ ಯುಪಿಎಸ್ ನಂಬಿಕೊಂಡು ಕೂರುವ ಬದಲು, ಸ್ಕ್ರಿಪ್ಟ್ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆದು ಮುಗಿದ ಮೇಲೆ "ಎಂವಿ" ಮಾಡುವಂತೆ ತಿದ್ದಿ. ಆಗ ಸರಿಯಾದ ಹೆಸರು ಹೊತ್ತಿರುವುದೆಲ್ಲ ಪೂರ್ತಿ ಫೋಟೋ.

## ನಡುವೆ ನಿಂತಿತು, ಕಂಪ್ಯೂಟರೇ ಜಾಮ್ ಆಯಿತು

"ಕಿಲ್ಡ್" ಎಂಬ ಒಂದೇ ಪದ ಬಂದರೆ ಮೆಮೊರಿ ಮುಗಿದು ಲಿನಕ್ಸ್ ತಾನೇ ಕೊಂದಿದೆ. 24 ಮೆಗಾಪಿಕ್ಸೆಲ್ ಜೆಪೆಗ್ ಡಿಸ್ಕಿನಲ್ಲಿ 10 ಎಂಬಿ ಇರಬಹುದು, ಬಿಚ್ಚಿದಾಗ ಪಿಕ್ಸೆಲ್‌ಗೆ 8 ಬೈಟಿನಂತೆ 192 ಎಂಬಿ ಆಗುತ್ತದೆ. ಕನ್ವರ್ಟ್‌ಗೆ ಸ್ಟಾರ್ ಚಿಹ್ನೆ ಕೊಟ್ಟು ಎಲ್ಲ ಫೋಟೋ ಒಟ್ಟಿಗೆ ತಿನ್ನಿಸಿದರೆ ಎಲ್ಲವನ್ನೂ ಮೆಮೊರಿಯಲ್ಲಿ ತುಂಬಿಕೊಳ್ಳುತ್ತದೆ. ನೂರು ಫೋಟೋಗೇ 19 ಜಿಬಿ. "ಫಾರ್" ಲೂಪ್‌ನಲ್ಲಿ ಒಂದೊಂದಾಗಿ ಕೊಡಿ, ಇಲ್ಲವೇ -ಪಾತ್ ಹಾಕಿದ ಮೊಗ್ರಿಫೈ ಬಳಸಿ, ಅದು ಒಂದೊಂದನ್ನೇ ಎತ್ತಿಕೊಳ್ಳುತ್ತದೆ.

"ಕ್ಯಾಶ್ ರಿಸೋರ್ಸಸ್ ಎಕ್ಸಾಸ್ಟೆಡ್" ಎಂದರೆ ಯಂತ್ರದಲ್ಲಿ ಮೆಮೊರಿ ಇದೆ, ಬಳಸಲು ಅಪ್ಪಣೆ ಇಲ್ಲ. ಇಮೇಜ್‌ಮ್ಯಾಜಿಕ್ ಏನನ್ನು ಎಷ್ಟು ಬಳಸಬಹುದೆಂದು ಹೇಳುವ ಪಾಲಿಸಿ ಫೈಲಿನಲ್ಲಿ, ಉಬುಂಟು 24.04ರಲ್ಲಿ, ಮೆಮೊರಿಗೆ 256 ಎಂಐಬಿ, ಡಿಸ್ಕಿಗೆ 1 ಜಿಐಬಿ, ಅಗಲಕ್ಕೆ 16 ಸಾವಿರ ಪಿಕ್ಸೆಲ್ ಮಿತಿ ಇದೆ. ಜಂಬೂಸವಾರಿಯ ಉದ್ದನೆ ಪನೋರಮಾ ಇದನ್ನು ಸುಲಭವಾಗಿ ದಾಟುತ್ತದೆ. ಬೇಕಾದ ಒಂದು ಸಾಲನ್ನು ಮಾತ್ರ ಹೆಚ್ಚಿಸಿ. ಪಾಲಿಸಿ ಫೈಲನ್ನೇ ಅಳಿಸಿಹಾಕಿ ಎನ್ನುವ ಸಲಹೆ ಕೇಳಬೇಡಿ. 2016ರಲ್ಲಿ ಇಮೇಜ್‌ಟ್ರಾಜಿಕ್ ಎಂಬ ಭದ್ರತಾ ಬಿರುಕು ಹೊರಬಂದಾಗ ಕಾಪಾಡಿದ್ದು ಇದೇ ಫೈಲಿನ ಕಟ್ಟಳೆಗಳು.

ಬೇಗ ಮುಗಿಯಲೆಂದು "ಎಕ್ಸ್‌ಆರ್ಗ್ಸ್ -ಪಿ" (ಈ ಪಿ ಮಾತ್ರ ದೊಡ್ಡಕ್ಷರ) ಹಾಕಿ ಒಂದೇ ಸಲ ಎಂಟು ಓಡಿಸುವವರು ಇಮೇಜ್‌ಮ್ಯಾಜಿಕ್‌ನ ಥ್ರೆಡ್ (ಒಂದೇ ಕೆಲಸವನ್ನು ಏಕಕಾಲಕ್ಕೆ ಹಂಚಿಕೊಳ್ಳುವ ಎಳೆ) ಮಿತಿಯನ್ನು 1ಕ್ಕೆ ಇಳಿಸಿ. ಇಲ್ಲದಿದ್ದರೆ ಒಂದಕ್ಕೊಂದು ಅಡ್ಡ ಬಂದು ಇನ್ನೂ ನಿಧಾನ. ಲ್ಯಾಪ್‌ಟಾಪ್‌ನಲ್ಲಾದರೆ ಹಾಸಿಗೆ ಮೇಲಿಟ್ಟು ಓಡಿಸಬೇಡಿ. ಅಡಿ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ. ಚಾರ್ಜರ್ ತೆಗೆದು, ಆಫ್ ಮಾಡಿ, ಒತ್ತದೆ, ಚುಚ್ಚದೆ ಸರ್ವೀಸ್‌ನವರಿಗೆ ಕೊಡಿ.

## "ನೋ ಡಿಕೋಡ್ ಡೆಲಿಗೇಟ್", "ನಾಟ್ ಎ ಜೆಪೆಗ್"

"ಫೈಲ್" ಎಂಬ ಕಮಾಂಡಿಗೆ ಆ ಫೋಟೋ ಕೊಡಿ. ಹೆಸರಿಗೆ ಜೆಪಿಜಿ, ಒಳಗೆ ಪಿಎನ್‌ಜಿ ಅಥವಾ ಐಫೋನಿನ ಹೀಕ್ ಎಂಬ ಫೋಟೋ ರೂಪ ಇರಬಹುದು. 2017ರ ಐಓಎಸ್ 11ರಿಂದ ಹೊಸ ಐಫೋನುಗಳು ಹೀಕ್‌ನಲ್ಲೇ ಉಳಿಸುತ್ತವೆ. ಅದಕ್ಕೆ ಲಿಬ್‌ಹೀಫ್ ಲೈಬ್ರರಿ ಬೇಕು, ರಾ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ) ಫೈಲಿಗೆ ಲಿಬ್‌ರಾ. ರಾ ವಿಷಯದಲ್ಲಿ ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಿಂದ ಮೊದಲು ಜೆಪೆಗ್ ತೆಗೆದುಕೊಂಡು ಆಮೇಲೆ ಸ್ಕ್ರಿಪ್ಟಿಗೆ ಕೊಡುವುದೇ ವಾಸಿ.

ಗೆಳೆಯರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋ ಮಸುಕಾಗಿದ್ದರೆ ಸ್ಕ್ರಿಪ್ಟಿನಲ್ಲಿ ಹುಡುಕಬೇಡಿ. ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಲು ಹೇಳಿ.

## ಇಲ್ಲಿಗೆ ನಿಲ್ಲಿಸಿ

"ಇನ್‌ಪುಟ್/ಔಟ್‌ಪುಟ್ ಎರರ್" ಎಂದು ಬಂದರೆ ಅದು ಇಮೇಜ್‌ಮ್ಯಾಜಿಕ್‌ನ ಮಾತಲ್ಲ, ಕಾರ್ಡ್ ಅಥವಾ ಡಿಸ್ಕ್ ಓದಲಾಗುತ್ತಿಲ್ಲ ಎಂದು ಲಿನಕ್ಸ್ ಹೇಳುತ್ತಿದೆ. ಮೊದಲು ಬೇರೆ ರೀಡರ್, ಬೇರೆ ಯುಎಸ್‌ಬಿ ಪೋರ್ಟಿನಲ್ಲಿ ಒಂದು ಸಲ ನೋಡಿ, ಎಷ್ಟೋ ಸಲ ಹಾಳಾದದ್ದು ರೀಡರ್. ಅಲ್ಲೂ ಅದೇ ಆದರೆ ಮತ್ತೆ ಮತ್ತೆ ಕಾಪಿ ಮಾಡಲು ಹೋಗಬೇಡಿ. ಕ್ಯಾಮೆರಾ "ಫಾರ್ಮ್ಯಾಟ್ ಮಾಡಲೇ" ಎಂದು ಕೇಳಿದರೆ ಒಪ್ಪಬೇಡಿ. ಎಸ್‌ಡಿ ಕಾರ್ಡಾದರೆ ಪಕ್ಕದ ಲಾಕ್ ಗುಂಡಿ ಕೆಳಗೆ ತಳ್ಳಿ ಎತ್ತಿಡಿ.

ಕಮಾಂಡ್ ಬಳಸಿ ಅಭ್ಯಾಸ ಇದ್ದವರು "ಡಿಡಿರೆಸ್ಕ್ಯೂ"ನಿಂದ ಇಡೀ ಕಾರ್ಡಿನ ಒಂದು ನಕಲನ್ನು ಬೇರೆ ಡಿಸ್ಕಿಗೆ ತೆಗೆದು, ಆ ನಕಲಿನ ಮೇಲೆ ಕಳೆದ ಫೋಟೋ ಹುಡುಕುವ "ಫೋಟೋರೆಕ್" ಓಡಿಸಬಹುದು. ಕಮಾಂಡಿನಲ್ಲಿ ಎಲ್ಲಿಂದ, ಎಲ್ಲಿಗೆ ಎಂಬುದು ಅದಲುಬದಲಾದರೆ ಕಾರ್ಡ್ ಅಳಿಸಿಹೋಗುತ್ತದೆ, ಆದ್ದರಿಂದ ಖಾತ್ರಿ ಇಲ್ಲದವರು ಮುಟ್ಟಬಾರದು. ಡೇಟಾ ರಿಕವರಿಯವರ ಬಳಿ ಹೋಗುವಾಗ ಕಾರ್ಡ್ ಜೊತೆ ಒಂದು ಚೀಟಿ ಬರೆದುಕೊಂಡು ಹೋಗಿ: ಯಾವ ಕ್ಯಾಮೆರಾ, ಜೆಪೆಗ್ಗೋ ರಾವೋ, ಕೊನೆಗೆ ಸರಿಯಾಗಿ ತೆರೆದ ಫೈಲಿನ ಸಂಖ್ಯೆ ಎಷ್ಟು, ಆಮೇಲೆ ಏನೇನು ಮಾಡಿದಿರಿ. ದುಡ್ಡಿನ ಮಾತು ಮುಂಚೆಯೇ ಆಡಿಕೊಳ್ಳಿ, ಫೋಟೋ ಸಿಗದಿದ್ದರೂ ತಪಾಸಣೆ ಶುಲ್ಕ ಇದೆಯೇ ಎಂದು ಕೇಳಿ. ಮದುವೆ ಮನೆಯವರಿಗೂ ಅವತ್ತೇ ಹೇಳಿಬಿಡಿ. ನೆಂಟರ ಮೊಬೈಲಿನಲ್ಲಿ ಅದೇ ಮುಹೂರ್ತದ ಫೋಟೋಗಳು ಇನ್ನೂ ಅಳಿಸದೆ ಉಳಿದಿರುತ್ತವೆ, ವಾರ ಕಳೆದರೆ ಅವೂ ಇರುವುದಿಲ್ಲ.